ಹಳೆಯ ಮೋಟಾರ್‌ಹೋಮ್ ಕೊಳ್ಳುವಾಗ ತುಕ್ಕು ನೋಡೋದು ಹೇಗೆ? (ಬ್ರಿಟನ್, 2004ರ ಸ್ಪ್ರಿಂಟರ್ / 2008ರ ಡುಕಾಟೊ)

ಹಾಸನದಹಕ್ಕಿ

ಎಲ್ಲರಿಗೂ ನಮಸ್ಕಾರ. ನಾವಿರೋದು ಲೀಡ್ಸ್‌ನಲ್ಲಿ. ನಾಲ್ಕು ಜನಕ್ಕೆ ಸಾಕಾಗುವ ಸೆಕೆಂಡ್ ಹ್ಯಾಂಡ್ ಮೋಟಾರ್‌ಹೋಮ್ (ಮಲಗಲು, ಅಡುಗೆಗೆ ಜಾಗವಿರುವ ಮನೆಗಾಡಿ) ಹುಡುಕ್ತಾ ಇದ್ದೀವಿ. ಎರಡು ಗಾಡಿ ಮನಸ್ಸಿಗೆ ಬಂದಿವೆ, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ.

ಮೊದಲನೆಯದು 2004ರ ಮರ್ಸಿಡಿಸ್ ಸ್ಪ್ರಿಂಟರ್ ಮೇಲೆ ಕಟ್ಟಿದ ಕೋಚ್‌ಬಿಲ್ಟ್ (ಚಾಸಿಯ ಮೇಲೆ ಮನೆಯ ಭಾಗವನ್ನು ಬೇರೆಯಾಗಿ ಕಟ್ಟಿ ಕೂರಿಸಿದ ಗಾಡಿ). ಹೊರಗಡೆ ಫಳಫಳ ಅಂತಿದೆ. ಅಡಿಭಾಗಕ್ಕೆ ಹೋದ ತಿಂಗಳು ಕಪ್ಪು ಅಂಡರ್‌ಸೀಲ್ (ತುಕ್ಕು ತಡೆಯುವ ಲೇಪ) ಹೊಡೆಸಿದ್ದಾರಂತೆ, ಮಾರುವವರು ಅದನ್ನೇ ದೊಡ್ಡ ಗುಣವಾಗಿ ಹೇಳ್ತಿದ್ದಾರೆ. ಎರಡನೆಯದು 2008ರ ಫಿಯಟ್ ಡುಕಾಟೊ 2.3, ಹಿಂದೆ ಆಲ್-ಕೋ ಕಂಪನಿಯ ಚಾಸಿ (ಗಾಡಿಯ ತಳದ ಚೌಕಟ್ಟು). ಓಡಿದ್ದು ಕಡಿಮೆ, ಆದರೆ ಪ್ರತಿ ಚಳಿಗಾಲ ಹುಲ್ಲಿನ ಮೇಲೆ ನಿಂತೇ ಕಳೆದಿದೆ. ಬಗ್ಗಿ ನೋಡಿದರೆ ಎಂಜಿನ್ ಸಂಪ್ (ತಳದ ಎಣ್ಣೆ ತೊಟ್ಟಿ), ಮುಂದಿನ ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಷನ್ ಹೊರುವ ಚೌಕಟ್ಟು), ಬ್ರೇಕ್ ಪೈಪ್ ಎಲ್ಲ ಕಂದುಗಟ್ಟಿವೆ.

ಇಷ್ಟು ವಯಸ್ಸಿನ ಗಾಡಿಯಲ್ಲಿ ತುಕ್ಕು ಇದ್ದೇ ಇರುತ್ತೆ, ಗೊತ್ತು. ಯಾವುದನ್ನು ಒರೆಸಿ ಮುಂದೆ ಹೋಗಬಹುದು, ಯಾವುದನ್ನು ಕಂಡ ಕೂಡಲೇ ವಾಪಸ್ ಬರಬೇಕು? ಶನಿವಾರ ಎರಡನ್ನೂ ಮತ್ತೊಮ್ಮೆ ನೋಡೋಕೆ ಹೋಗ್ತೀವಿ. ಕೈಯಲ್ಲಿ ಏನೇನಿರಬೇಕು, ಎಲ್ಲೆಲ್ಲಿ ನೋಡಬೇಕು ದಯವಿಟ್ಟು ತಿಳಿಸಿ.

---

ವೆಲ್ಡಿಂಗ್‌ಶೆಡ್

ಬಣ್ಣ ನೋಡಿ ಹೆದರಬೇಡಿ. ನೋಡಬೇಕಾದ್ದು ಎರಡೇ: ತುಕ್ಕು ಯಾವ ಜಾಗದಲ್ಲಿದೆ, ಅದರ ಕೆಳಗೆ ಎಷ್ಟು ಗಟ್ಟಿ ಲೋಹ ಉಳಿದಿದೆ. ಎಕ್ಸಾಸ್ಟ್, ಆಕ್ಸಲ್ ಕೊಳವೆ, ಗೇರ್‌ಬಾಕ್ಸ್ ಬೋಲ್ಟ್ ಕಂದಾಗಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಹೊರಗೆ ಏನೂ ಕಾಣದ ಸಿಲ್ (ಬಾಗಿಲಿನ ಕೆಳಗಿನ ಪೊಳ್ಳು ಉಕ್ಕಿನ ಪಟ್ಟಿ) ಒಳಗಿನಿಂದ ಕಾಗದದಷ್ಟು ತೆಳುವಾಗಿದ್ದರೆ ಗಾಡಿಯ ಕಥೆ ಅಲ್ಲಿಗೇ ಮುಗಿಯುತ್ತೆ.

ಊರಿನ ಕಣ್ಣಿನಿಂದ ನೋಡಿದರೆ ಇಲ್ಲಿ ಮೋಸ ಹೋಗ್ತೀರಿ. ಮಂಗಳೂರು, ಕಾರವಾರದ ಗಾಡಿಗೆ ಉಪ್ಪು ಬರೋದು ಗಾಳಿಯಲ್ಲಿ, ಹಾಗಾಗಿ ಬಾನೆಟ್ ಅಂಚು, ಬಾಗಿಲಿನ ತಳ, ಮೇಲ್ಛಾವಣಿಯ ಗಟರ್ ಮೊದಲು ತಿನ್ನುತ್ತೆ. ಬ್ರಿಟನ್‌ನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಕಲ್ಲುಪ್ಪು ಚೆಲ್ಲುತ್ತಾರೆ. ಆ ಕೆಸರು ಚಕ್ರದಿಂದ ಸಿಡಿದು ಅಡಿಭಾಗದ ಸಂದುಗೊಂದಿಗಳಲ್ಲಿ ಕೂರುತ್ತೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನೇ ನೀರು ಹೀರಿಕೊಂಡು ಒದ್ದೆಯಾಗುತ್ತೆ, ಮಳೆ ಬೇಕೇ ಇಲ್ಲ. ಹುಲ್ಲಿನ ಮೇಲೆ ನಿಂತ ಗಾಡಿಗೆ ನೆಲದ ತೇವವೂ ಸೇರುತ್ತೆ. ಅದಕ್ಕೇ ಕಡಿಮೆ ಮೈಲಿ ಅನ್ನೋದು ತುಕ್ಕಿನ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡಲ್ಲ.

ತೆಗೆದುಕೊಂಡು ಹೋಗಬೇಕಾದ್ದು: ತಲೆಗೆ ಕಟ್ಟುವ ಟಾರ್ಚ್, ಸಣ್ಣ ಪ್ಲಾಸ್ಟಿಕ್ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ವೈರ್ ಬ್ರಷ್, ಬಟ್ಟೆ ಸುತ್ತಿದ ಅಯಸ್ಕಾಂತ, ನೆಲಕ್ಕೆ ಹಾಸಲು ಟಾರ್ಪಾಲಿನ್, ಫೋನಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ. ಕೊನೆಯದನ್ನು ಸಿಲ್ ಮತ್ತು ಚಾಸಿಯಲ್ಲಿ ನೀರು ಹೋಗಲೆಂದು ಬಿಟ್ಟ ತೂತುಗಳ ಒಳಗೆ ತೂರಿಸಬಹುದು. ತಟ್ಟುವ, ಒತ್ತುವ ಮೊದಲು ಮಾರುವವರ ಒಪ್ಪಿಗೆ ಕೇಳಿ. ಯಾರಾದರೂ ಬೇಡ ಅಂದರೆ ಅದೂ ಒಂದು ಉತ್ತರವೇ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ, ಮೂರೂವರೆ ಟನ್ ತೂಕ ಅದು. ರ‍್ಯಾಂಪ್ ಮೇಲೆ ಹತ್ತಿಸಿ, ಇಲ್ಲವೇ ಪಿಟ್ ಇರುವ ಗ್ಯಾರೇಜಿಗೆ ತರಿಸಿ. ಏಳು ಮೀಟರ್ ಉದ್ದದ ಗಾಡಿ ಸಾಮಾನ್ಯ ಕಾರ್ ಲಿಫ್ಟ್ ಮೇಲೆ ನಿಲ್ಲಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಈಗ ತಟ್ಟೋದು. ಗಟ್ಟಿ ಲೋಹ ಟಣ್ ಅನ್ನುತ್ತೆ, ಸುತ್ತಿಗೆ ಪುಟಿಯುತ್ತೆ. ಪದರ ಬಿಟ್ಟ ಲೋಹ, ಫಿಲ್ಲರ್ ತುಂಬಿದ ಜಾಗ ದಪ್ ಅನ್ನುತ್ತೆ. ದಪ್ ಅಂದ ಕಡೆ ಸ್ಕ್ರೂಡ್ರೈವರಿನ ಹಿಡಿ ಭಾಗದಿಂದ ಒತ್ತಿ, ತುದಿಯಿಂದ ತಿವಿಯಬೇಡಿ. ಹೆಬ್ಬೆರಳಿನ ಬಲಕ್ಕೇ ಒಳಗೆ ಹೋದರೆ ಅಲ್ಲಿ ಲೋಹ ಇಲ್ಲ ಅಂತಲೇ ಅರ್ಥ. ದಪ್ಪ ದಪ್ಪ ಹಕ್ಕಳೆ ಕಂಡರೆ ಮಾತ್ರ ಕಣ್ಣನ್ನು ನಂಬಬೇಡಿ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಉಬ್ಬುತ್ತೆ. 3 ಮಿ.ಮೀ ದಪ್ಪದ ಹಕ್ಕಳೆ ಉದುರಿದರೂ ಹೋದ ಲೋಹ ಒಂದು ಮಿ.ಮೀ ಇರಬಹುದು. ಆ ಒಂದು ಮಿ.ಮೀ ಚಾಸಿಯ ದಪ್ಪ ರೇಲಿನಲ್ಲಿ ಹೋಗಿದ್ದರೆ ತಡೆದುಕೊಳ್ಳುತ್ತೆ. ಕ್ಯಾಬಿನ ನೆಲದಲ್ಲಿ ಹೋಗಿದ್ದರೆ ತೂತು.

ಸ್ಪ್ರಿಂಟರಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ ಮುಂದಿನ ಸ್ಪ್ರಿಂಗಿನ ಆಸರೆ. 1995ರಿಂದ 2006ರವರೆಗಿನ ಆ ಮಾದರಿಯಲ್ಲಿ ಮುಂದೆ ಅಡ್ಡಲಾಗಿ ಒಂದು ಲೀಫ್ ಸ್ಪ್ರಿಂಗ್ ಇರುತ್ತೆ. ಅದರ ಎರಡೂ ಬದಿಯ ಮೇಲಿನ ಆಸರೆ ಚಾಸಿಗೆ ವೆಲ್ಡ್ ಆಗಿರುವ ಬಟ್ಟಲಿನಂಥ ಕಬ್ಬಿಣ. ಚಕ್ರ ಎಸೆಯುವ ಕೆಸರು ಅದರ ಸುತ್ತ ಗಟ್ಟಿಯಾಗಿ ಕೂತು ವೆಲ್ಡ್ ಅಂಚನ್ನೇ ತಿನ್ನುತ್ತೆ. ಓಡುವಾಗ ಅದು ಕಿತ್ತು ಬಂದರೆ ಆ ಬದಿ ಒಮ್ಮೆಲೇ ಕುಸಿಯುತ್ತೆ. ಮುಂದಿನ ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗೆ ಟಾರ್ಚ್ ಬಿಟ್ಟು, ಕೆಸರು ಕೆರೆದು, ಆಸರೆ ಚಾಸಿಗೆ ಸೇರುವ ಗೆರೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಆಮೇಲೆ ಕ್ಯಾಬ್ ಸಿಲ್‌ಗಳು, ಜ್ಯಾಕ್ ಪಾಯಿಂಟ್, ಬಾಗಿಲ ಮೆಟ್ಟಿಲಿನ ತಳ, ಹಿಂದಿನ ಲೀಫ್ ಸ್ಪ್ರಿಂಗಿನ ಎರಡೂ ತುದಿಯ ಹ್ಯಾಂಗರ್.

ಹೊಸ ಅಂಡರ್‌ಸೀಲ್ ಬಗ್ಗೆ: ಕೆಳಗೆ ತುಕ್ಕನ್ನು ಕೆರೆದು ಪ್ರೈಮರ್ ಹಚ್ಚದೆ ಡಾಂಬರಿನಂಥದ್ದನ್ನು ಬಳಿದಿದ್ದರೆ ಅದು ತೇವವನ್ನು ಒಳಗೇ ಹಿಡಿದಿಡುತ್ತೆ. ತುಕ್ಕು ಮುಂದುವರಿಯುತ್ತೆ, ಕಾಣಲ್ಲ ಅಷ್ಟೇ. ಎಕ್ಸಾಸ್ಟ್ ಪೈಪ್, ರಬ್ಬರ್ ಬುಷ್, ಬೋಲ್ಟಿನ ಮರೆ, ವೈರು ಯಾವುದನ್ನೂ ಮುಚ್ಚದೆ ಎಲ್ಲದರ ಮೇಲೂ ಕಪ್ಪು ಸಿಡಿದಿದ್ದರೆ ಅದು ಮಾರೋದಕ್ಕೆ ಮಾಡಿದ ಕೆಲಸ. ಶ್ರದ್ಧೆಯಿಂದ ಮಾಡಿಸಿದವರ ಬಳಿ ಬಳಿಯುವ ಮೊದಲಿನ ಫೋಟೋಗಳು, ಬಿಲ್ಲು ಇರುತ್ತವೆ. ಕೇಳಿ.

---

ಪೆಡ್ರೋಲ್_ಪುಟ್ಟ

ಶನಿವಾರದವರೆಗೆ ಕಾಯಬೇಡಿ, ಇವತ್ತೇ ಕೂತಲ್ಲೇ ಒಂದು ಕೆಲಸ ಮಾಡಿ. ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಎಂಒಟಿ (ಗಾಡಿಗೆ ಪ್ರತಿ ವರ್ಷ ಕಡ್ಡಾಯವಾದ ಸುರಕ್ಷತಾ ತಪಾಸಣೆ) ಇತಿಹಾಸ ಪುಕ್ಕಟೆ ಸಿಗುತ್ತೆ, ನಂಬರ್ ಪ್ಲೇಟ್ ಹಾಕಿದರೆ ಸಾಕು. 2005ರಿಂದ ಈಚಿನ ಪಾಸ್, ಫೇಲ್, ಮೈಲಿ, ತಪಾಸಣೆ ಮಾಡಿದವರು ಬರೆದ ಸೂಚನೆ ಎಲ್ಲ ಇರುತ್ತೆ.

ಕೊನೆಯ ಸಾಲು ಮಾತ್ರ ಓದಿ ಬಿಡಬೇಡಿ, ಹಳೆಯದರಿಂದ ಹೊಸದಕ್ಕೆ ಬನ್ನಿ. "ಬ್ರೇಕ್ ಪೈಪ್ ಸ್ವಲ್ಪ ತುಕ್ಕು" ಅಂತ ಸತತ ಮೂರ್ನಾಲ್ಕು ವರ್ಷ ಬರುತ್ತೆ, ಐದನೇ ವರ್ಷ "ಬ್ರೇಕ್ ಪೈಪ್ ಮೇಲೆ ಗ್ರೀಸ್ ಅಥವಾ ಬೇರೇನೋ ಬಳಿದಿದೆ" ಅಂತ ಬರುತ್ತೆ. ಅಂದರೆ ಪೈಪ್ ಬದಲಾಗಿಲ್ಲ, ಮುಚ್ಚಿಹೋಗಿದೆ. ಸಿಲ್ ತುಕ್ಕಿಗೆ ಒಮ್ಮೆ ಫೇಲ್ ಆಗಿ ಅದೇ ವಾರ ಪಾಸ್ ಆಗಿದ್ದರೆ ವೆಲ್ಡಿಂಗ್ ಬಿಲ್ ಕೇಳಿ, ಆ ಜಾಗವನ್ನೇ ಹುಡುಕಿ ನೋಡಿ. ನಡುವೆ ಎರಡು ವರ್ಷ ತಪಾಸಣೆಯೇ ಇಲ್ಲದಿದ್ದರೆ ಗಾಡಿ ಎಲ್ಲಿ ನಿಂತಿತ್ತು ಅಂತ ಕೇಳಲೇಬೇಕು.

2018ರ ಮೇ 20ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಅಂತ ವಿಂಗಡಿಸುತ್ತಾರೆ. ಮೊದಲೆರಡರಲ್ಲಿ ಯಾವುದಿದ್ದರೂ ಫೇಲ್. ಇನ್ನೊಂದು ನಿಯಮ ತಲೆಯಲ್ಲಿರಲಿ: ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಸೀಟ್‌ಬೆಲ್ಟ್ ಹಿಡಿದಿರುವ ಜಾಗದಿಂದ 30 ಸೆಂ.ಮೀ ಒಳಗೆ ಹೊರೆ ಹೊರುವ ಲೋಹ ತುಕ್ಕಿನಿಂದ ತೀರಾ ದುರ್ಬಲವಾಗಿದ್ದರೆ ಪಾಸ್ ಆಗಲ್ಲ. ಒಂದು ಸ್ಕೇಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೋಟಾರ್‌ಹೋಮಿನಲ್ಲಿ ಜನ ಮರೆಯೋದು ಊಟದ ಮೇಜಿನ ಹಿಂದಿನ ಸೀಟ್‌ಬೆಲ್ಟ್. ಅದರ ಕಬ್ಬಿಣದ ಚೌಕಟ್ಟಿನ ಬೋಲ್ಟ್‌ಗಳು ನೆಲವನ್ನು ತೂರಿ ಕೆಳಗೆ ಚಾಸಿಯನ್ನೋ ಅದಕ್ಕೆ ಜೋಡಿಸಿದ ಕಬ್ಬಿಣವನ್ನೋ ಹಿಡಿದಿರುತ್ತವೆ. ಮಕ್ಕಳು ಕೂರುವ ಜಾಗ ಅದು. ಆ ಬೋಲ್ಟು, ಅದರ ಪ್ಲೇಟು ಕೆಳಗಿನಿಂದ ಕಣ್ಣಾರೆ ಕಾಣಬೇಕು.

ಪ್ಯಾಚ್ ಕಂಡರೆ ಅದರ ಅಂಚು ನೋಡಿ. ತೂತು ಮುಚ್ಚಿದ ತಗಡಿಗೆ ಸುತ್ತಲೂ ಎಡೆಬಿಡದೆ ವೆಲ್ಡ್ ಇರಬೇಕು. ಅಲ್ಲಲ್ಲಿ ಟಾಕಾ (ಚುಕ್ಕೆ ವೆಲ್ಡ್) ಹಾಕಿ ನಡುವೆ ಸೀಲಂಟ್ ತುಂಬಿದ್ದು, ಫೈಬರ್‌ಗ್ಲಾಸ್ ಅಂಟಿಸಿದ್ದು ಆ ಜಾಗಗಳಲ್ಲಿ ರಿಪೇರಿ ಅಂತ ಲೆಕ್ಕಕ್ಕೆ ಬರಲ್ಲ.

ಇಷ್ಟೆಲ್ಲ ಇದ್ದರೂ ಎಂಒಟಿ ಪಾಸ್ ಆಗಿದೆ ಅಂತ ನೆಮ್ಮದಿಯಾಗಬೇಡಿ. ತಪಾಸಣೆ ಮಾಡುವವರು ಯಾವ ಕವರನ್ನೂ ಬಿಚ್ಚುವಂತಿಲ್ಲ, ಕಂಡದ್ದನ್ನು ಮಾತ್ರ ನೋಡುತ್ತಾರೆ.

---

ಕೊಡಚಾದ್ರಿ

ಡುಕಾಟೊ ಬಗ್ಗೆ ಹೇಳ್ತೀನಿ. ಆಲ್-ಕೋ ಚಾಸಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದದ್ದು, ಬೂದು ಬಣ್ಣ ಇರುತ್ತೆ. ಅದರ ಮೇಲೆ ಬಿಳಿ ಪುಡಿ ಕಂಡರೆ ಸತು ತಾನು ಸವೆಯುತ್ತಾ ಕಬ್ಬಿಣ ಕಾಯುತ್ತಿದೆ ಅಂತ. ಆಮೇಲೆ ಯಾರೋ ಕೊರೆದ ತೂತು, ಕಲ್ಲು ತಾಗಿ ಕೆತ್ತಿದ ಜಾಗದಲ್ಲಿ ಚುಕ್ಕೆ ಚುಕ್ಕೆ ಕಂದು ಇದ್ದರೆ ಬ್ರಷ್ ಮಾಡಿ ಸತುವಿನ ಪೇಂಟ್ ಹಚ್ಚಿದರೆ ಸಾಕು.

ಆದರೆ ಆ ರಕ್ಷಣೆ ಹಿಂದಿನ ಭಾಗಕ್ಕೆ ಮಾತ್ರ. ಕ್ಯಾಬ್, ಅದರ ಸಿಲ್, ಮುಂದಿನ ಸಬ್‌ಫ್ರೇಮ್ ಎಲ್ಲ ಫಿಯಟ್‌ನದು, ಹಾಗೆ ಸತುವಿನಲ್ಲಿ ಮುಳುಗಿಸಿದ್ದಲ್ಲ. ಎರಡೂ ಸೇರುವುದು ಕ್ಯಾಬ್ ಸೀಟುಗಳ ಹಿಂದೆ, ಬೋಲ್ಟ್‌ಗಳಲ್ಲಿ. ಆ ಜೋಡಣೆಯ ಸುತ್ತಮುತ್ತ ಕ್ಯಾಬ್ ಕಡೆಯ ಲೋಹವನ್ನು ಎರಡೂ ಬದಿ ನಿಧಾನವಾಗಿ ನೋಡಿ. "ಗ್ಯಾಲ್ವನೈಸ್ಡ್ ಚಾಸಿ, ತುಕ್ಕಿನ ಚಿಂತೆಯೇ ಇಲ್ಲ" ಅನ್ನೋ ಜಾಹೀರಾತಿನ ಮಾತು ಈ ಜಾಗಕ್ಕೆ ಅನ್ವಯಿಸಲ್ಲ.

ಹಿಂದಿನ ಆಕ್ಸಲ್ ಒಳಗೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುತ್ತೆ. ಗ್ರೀಸ್ ನಿಪ್ಪಲ್ ಇರುವ ಆಕ್ಸಲ್ ಆದರೆ ಕಾಲಕಾಲಕ್ಕೆ ಗ್ರೀಸ್ ಹೊಡೆದ ದಾಖಲೆ ಬೇಕು. ಹೊಡೆಯದೆ ಬಿಟ್ಟರೆ ಒಳಗೆ ನೀರು ಸೇರಿ, ತುಕ್ಕು ಹಿಡಿದು, ತಿರುಗುವ ಭಾಗ ಬಿಗಿದುಕೊಳ್ಳುತ್ತೆ. ಆಗ ಸಣ್ಣ ರಿಪೇರಿ ಇಲ್ಲ, ಆಕ್ಸಲ್ ಬದಲಿಸುವ ಖರ್ಚು. ನೀರಿನ ಟ್ಯಾಂಕ್ ಖಾಲಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುಭಾಗದಿಂದ ಆರ್ಚ್ ಅಂಚಿಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ. ಒಂದು ಬದಿ ಎದ್ದು ಕಾಣುವಷ್ಟು ತಗ್ಗಿದ್ದರೆ ಕಾರಣ ತಿಳಿಯದೆ ದುಡ್ಡು ಕೊಡಬೇಡಿ.

ಸಂಪ್ ತುಕ್ಕು ಈ ಗಾಡಿಗಳಲ್ಲಿ ಮಾಮೂಲಿ, ತಗಡಿನ ಸಂಪ್ ಅದು. ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಎಂಜಿನ್ ಓಡಿಸಿ ಮತ್ತೆ ನೋಡಿ. ಎಣ್ಣೆ ಜಿನುಗಿದರೆ ಸಂಪ್ ಬದಲಿಸಬೇಕು, ಅದನ್ನು ಬೆಲೆಯಲ್ಲಿ ಕಳೆಯಿರಿ. ಗಾಡಿ ಬಿಟ್ಟು ಬರುವಷ್ಟು ದೊಡ್ಡ ದೋಷ ಅಲ್ಲ.

ಅದಕ್ಕಿಂತ ಮುಖ್ಯ ಬಾನೆಟ್ ಎತ್ತಿ ನೋಡೋದು. 2006ರ ಕೊನೆಗೆ ಬಂದ ಈ ಮಾದರಿಯ ಆರಂಭದ ಗಾಡಿಗಳಲ್ಲಿ ಗಾಜಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಸರಿಯಾಗಿ ಮುಚ್ಚದೆ ಮಳೆನೀರು ನೇರ ಎಂಜಿನ್ ಮೇಲೆ ತೊಟ್ಟಿಕ್ಕುತ್ತಿತ್ತು. ಇಂಜೆಕ್ಟರ್‌ಗಳ (ಡೀಸೆಲ್ ಸಿಂಪಡಿಸುವ ನಳಿಕೆಗಳ) ಬುಡದಲ್ಲಿ ಕೆಂಪು ಕೆಸರಿನಂಥದ್ದು ಕಟ್ಟಿದ್ದರೆ ಅದರ ಗುರುತು. ಇಂಜೆಕ್ಟರ್ ಅಲ್ಲೇ ಹಿಡಿದುಕೊಂಡರೆ ತೆಗೆಯೋದು ಬಹಳ ಕಷ್ಟ, ದುಬಾರಿ. ಮುಂದಿನ ಸಸ್ಪೆನ್ಷನ್ ಸ್ಟ್ರಟ್‌ನ ಮೇಲ್ತುದಿಯಲ್ಲೂ ನೀರು ನಿಲ್ಲುತ್ತೆ, ಅಲ್ಲಿನ ಮೌಂಟ್ ಹಕ್ಕಳೆ ಎದ್ದಿದೆಯಾ ನೋಡಿ.

---

ಮರಗೆಲಸದವ

ಎಲ್ಲರೂ ಗಾಡಿಯ ಕೆಳಗೆ ಮಲಗಿದ್ದಾರೆ, ನಾನು ಗೋಡೆಯ ಬಗ್ಗೆ ಬರೀತೀನಿ. ಕೋಚ್‌ಬಿಲ್ಟ್‌ನಲ್ಲಿ ಮನೆಯ ಭಾಗ ಹೆಚ್ಚಾಗಿ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್, ತುಕ್ಕು ಹಿಡಿಯಲ್ಲ. ಆದರೆ ಅದನ್ನು ಹಿಡಿದಿರುವ ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತೆ. ಮೂಲೆಯ ಪಟ್ಟಿ, ಆವ್ನಿಂಗ್ (ಬಿಚ್ಚಿ ಹರಡುವ ಚಪ್ಪರ) ಕೂರಿಸಿದ ಕಂಬಿ, ಕಿಟಕಿಯ ಚೌಕಟ್ಟಿನ ಕೆಳಗೆ ಕಂದು ಗೆರೆ ಇಳಿದಿದ್ದರೆ ಆ ಸ್ಕ್ರೂ ಒದ್ದೆ ಮರದಲ್ಲಿ ಕೂತಿದೆ ಅಂತ ತಿಳಿಯಿರಿ. ಪ್ಲಾಸ್ಟಿಕ್ ಮುಚ್ಚಳದ ಪಟ್ಟಿಯನ್ನು ಒಂದು ಇಂಚು ಎಳೆದು ಸ್ಕ್ರೂ ತಲೆ ನೋಡಿ. ಹೊಳೆಯುತ್ತಿದ್ದರೆ ಸರಿ. ತಲೆಯೇ ಕರಗಿ ಸುತ್ತ ಬಿಳಿ ಪುಡಿ ಇದ್ದರೆ ಎರಡು ಬೇರೆ ಲೋಹ ನೀರಿನಲ್ಲಿ ಸೇರಿ ಅಲ್ಯೂಮಿನಿಯಂ ಸವೆಯುತ್ತಿದೆ.

ಒಳಗೆ ತೇವಮಾಪಕ ಹಿಡಿದು ಮೂಲೆ, ಕಿಟಕಿಯ ಕೆಳತುದಿ, ಛಾವಣಿ ಗೋಡೆಗೆ ಸೇರುವ ಗೆರೆ, ಕಪಾಟಿನ ಒಳಗೆ, ಷವರ್ ಸುತ್ತ ಅಳೆಯಿರಿ. 15%ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 15ರಿಂದ 20 ಇದ್ದರೆ ಕಾರಣ ಹುಡುಕಬೇಕು. 20 ದಾಟಿದರೆ ಒಳಗೆ ನೀರು ಇಳಿಯುತ್ತಿದೆ ಅಂತಲೇ ಹಿಡಿಯಿರಿ. ಚುಚ್ಚುವ ಮೊಳೆ ಇಲ್ಲದ ಮಾಪಕ, ಗೋಡೆಯ ಹಿಂದೆ ಲೋಹ ಇದ್ದರೆ, ಸುಳ್ಳು ಹೆಚ್ಚು ತೋರಿಸುತ್ತೆ, ಹಾಗಾಗಿ ಒಂದೇ ಜಾಗದ ಅಂಕಿಗೆ ಗಾಬರಿ ಬೇಡ, ಸುತ್ತಲೂ ಹಿಡಿದು ನೋಡಿ.

ತುಕ್ಕಿಗೂ ಇದಕ್ಕೂ ನಂಟಿದೆ. ಗೋಡೆಯಲ್ಲಿ ಇಳಿದ ನೀರು ನೆಲದ ಪ್ಲೈವುಡ್ ಸೇರಿ, ಅಲ್ಲಿಂದ ಚಾಸಿಯ ಬ್ರಾಕೆಟ್ ಮೇಲೆ ವರ್ಷಗಟ್ಟಲೆ ನಿಲ್ಲುತ್ತೆ. ಕೆಳಗಿನಿಂದ ಒಂದೇ ಒಂದು ಬ್ರಾಕೆಟ್ ಉಳಿದವಕ್ಕಿಂತ ಕೆಟ್ಟಿದ್ದರೆ ಅದರ ಮೇಲಿನ ಗೋಡೆಯನ್ನು ಅಳೆಯಿರಿ.

---

ಹಾಸನದಹಕ್ಕಿ

ಹೇಳಿದ ಹಾಗೇ ಹೋಗಿ ನೋಡಿಕೊಂಡು ಬಂದೆವು, ತುಂಬಾ ಉಪಕಾರವಾಯಿತು.

ಸ್ಪ್ರಿಂಟರ್: ಎಡಗಡೆ ಮುಂದಿನ ಸ್ಪ್ರಿಂಗ್ ಆಸರೆ ದಪ್ ಅಂತು. ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತಿದರೆ ಕಪ್ಪು ಬಿರುಕು ಬಿಟ್ಟು ಒಳಗಿಂದ ಕಂದು ಪುಡಿ ಉದುರಿತು. ಸಿಲ್‌ನಲ್ಲಿ ಒಂದು ಅಂಗೈ ಅಗಲದ ಪ್ಯಾಚ್, ಅಂಚಿನಲ್ಲಿ ಆರೇಳು ಟಾಕಾ ಮಾತ್ರ. ಬಳಿಯುವ ಮೊದಲಿನ ಫೋಟೋ ಇಲ್ಲವಂತೆ. ಮಾರುವವರು 800 ಪೌಂಡ್ ಇಳಿಸ್ತೀನಿ ಅಂತಿದ್ದಾರೆ.

ಡುಕಾಟೊ: ಆಲ್-ಕೋ ಬೂದು, ಬಿಳಿ ಪುಡಿ ಅಲ್ಲಲ್ಲಿ. ಕ್ಯಾಬ್ ಜೋಡಣೆ ಟಣ್ ಅಂತು. ಸಂಪ್ ಒಣಗಿದೆ. ಇಂಜೆಕ್ಟರ್ ಬುಡ ಸ್ವಚ್ಛ. ಹಿಂದಿನ ಚಕ್ರದ ಎತ್ತರ ಎರಡೂ ಬದಿ ಸಮ, ಗ್ರೀಸ್ ಹೊಡೆದ ಬಿಲ್ಲುಗಳೂ ಇವೆ. ಆದರೆ ಹಿಂದಕ್ಕೆ ಹೋಗುವ ಬ್ರೇಕ್ ಪೈಪ್ ಮೇಲೆ ಹಕ್ಕಳೆ ಇದೆ, ಹ್ಯಾಂಡ್‌ಬ್ರೇಕ್ ಬಿಡುವಾಗ ಹಿಂದೆ ಕಚ್ಚುತ್ತೆ. ತೇವ ಎಲ್ಲ ಕಡೆ 12, 13. ಹಿಂದಿನ ಎಡ ಕಿಟಕಿಯ ಕೆಳಗೆ ಮಾತ್ರ 19. ಏನು ಮಾಡಲಿ?

---

ವೆಲ್ಡಿಂಗ್‌ಶೆಡ್

ಸ್ಪ್ರಿಂಟರ್ ಬಿಡಿ. 800 ಇಳಿಸಿದರೂ, ಇನ್ನೂ ಹೆಚ್ಚು ಇಳಿಸಿದರೂ ಬಿಡಿ. ಕಂಡದ್ದು ಒಂದು ಆಸರೆ, ಒಂದು ಪ್ಯಾಚ್. ಕಪ್ಪಿನ ಕೆಳಗೆ ಇನ್ನೆಷ್ಟಿದೆ ಅಂತ ಅಳೆಯುವ ದಾರಿಯನ್ನೇ ಮುಚ್ಚಿದ್ದಾರೆ. ಬರೀ ವ್ಯಾನ್ ಆಗಿದ್ದರೆ ಒಳಗಿನದನ್ನು ಬಿಚ್ಚಿ ವೆಲ್ಡ್ ಮಾಡಿಬಿಡಬಹುದು. ಮೋಟಾರ್‌ಹೋಮ್ ಹಾಗಲ್ಲ. ವೆಲ್ಡ್ ಮಾಡುವ ಕಬ್ಬಿಣದ ಮೇಲೆಯೇ ಪ್ಲೈವುಡ್, ಫೋಮ್, ವೈರು, ಗ್ಯಾಸ್ ಪೈಪು ಇರುತ್ತೆ. ಒಂದು ಕಿಡಿ ಫೋಮ್ ಒಳಗೆ ಹೊಕ್ಕರೆ ಹೊರಗೆ ಕಾಣದೆ ಹೊಗೆಯಾಡುತ್ತಾ ಹೋಗುತ್ತೆ. ಸಿಲಿಂಡರ್ ತೆಗೆದು, ಬ್ಯಾಟರಿಗಳ ಜೊತೆ ಸೋಲಾರ್ ಪ್ಯಾನಲ್ ಕೂಡ ಕಳಚಿ, ಮೇಲಿನ ಸಾಮಾನು ಬಿಚ್ಚಿ ಮಾಡಬೇಕು. ಬಿಲ್ಲಿನಲ್ಲಿ ವೆಲ್ಡಿಂಗಿಗಿಂತ ಬಿಚ್ಚಿ ಕೂರಿಸುವ ಕೂಲಿಯೇ ಹೆಚ್ಚಾಗುತ್ತೆ. ಬೇಡವೇ ಬೇಡ ಅನ್ನುವ ಗ್ಯಾರೇಜುಗಳೂ ಇವೆ. ಮಾರುವವರಿಗೆ ಆ ಆಸರೆಯ ವಿಷಯ ಬಾಯಿಬಿಟ್ಟು ಹೇಳಿ, ಅವರೂ ಓಡಿಸುವ ಗಾಡಿಯೇ ಅದು.

ಡುಕಾಟೊದಲ್ಲಿ ನೀವು ಬರೆದದ್ದೆಲ್ಲ ಬದಲಿಸಬಹುದಾದ ಸಾಮಾನು. ಬ್ರೇಕ್ ಪೈಪ್ ಮೊದಲು. ಸಾಮಾನ್ಯ ಪೈಪಿನ ಹೊರವ್ಯಾಸ 4.75 ಮಿ.ಮೀ, ಗೋಡೆ ಸುಮಾರು 0.7 ಮಿ.ಮೀ ಅಷ್ಟೇ. ದಪ್ಪದಲ್ಲಿ ಮೂರನೇ ಒಂದು ಭಾಗ ಹೋಗಿದ್ದರೆ ಎಂಒಟಿ ಫೇಲ್. ಹಕ್ಕಳೆ ಎದ್ದ ಪೈಪನ್ನು ಕೆರೆದು ನೋಡುವ ಗೋಜಿಗೆ ಹೋಗಬೇಡಿ, ಕೆರೆಯುವಾಗಲೇ ಒಡೆಯಬಹುದು. ತಾಮ್ರ-ನಿಕಲ್ ಮಿಶ್ರಲೋಹದ ಪೈಪ್ ಹಾಕಿಸಿ, ಅದಕ್ಕೆ ತುಕ್ಕಿಲ್ಲ. ಡೀಸೆಲ್ ಟ್ಯಾಂಕ್ ಇಳಿಸಬೇಕಾಗಬಹುದು, ಹಾಗಾಗಿ ಕೂಲಿಯನ್ನು ಬರಹದಲ್ಲಿ ಕೇಳಿ. ಅದೇ ಸಮಯಕ್ಕೆ ಟ್ಯಾಂಕಿನ ಪಟ್ಟಿಗಳು, ಅದರ ಮೇಲ್ಭಾಗ ಕಾಣುತ್ತವೆ, ಫೋಟೋ ತೆಗೆಸಿಕೊಳ್ಳಿ.

ಹ್ಯಾಂಡ್‌ಬ್ರೇಕ್ ಕಚ್ಚೋದು ಎಳೆದಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ದರಿಂದ. ಕೇಬಲ್ ಮತ್ತು ಹಿಂದಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎರಡನ್ನೂ ನೋಡಿಸಿ. ಡಿಸ್ಕ್ ಮೇಲೆ ಒಂದೆರಡು ಮೈಲಿ ಓಡಿಸಿದರೆ ಹೋಗುವ ಕೆಂಪು ಪೊರೆ ಲೆಕ್ಕಕ್ಕಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಡಿಸ್ಕ್, ಪ್ಯಾಡ್ ಎರಡೂ ಹೊಸದು ಬೇಕು.

---

ಮರಗೆಲಸದವ

ಆ 19ರ ಜಾಗಕ್ಕೆ: ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿಲ್ಲದಿದ್ದರೆ, ವಾಸನೆ ಇಲ್ಲದಿದ್ದರೆ ಮರ ಇನ್ನೂ ಕೊಳೆತಿಲ್ಲ. ಹೊರಗಿನಿಂದ ಕಿಟಕಿ ಚೌಕಟ್ಟು ಬಿಚ್ಚಿಸಿ, ಹಳೆಯ ಸೀಲಂಟ್ ಪೂರ್ತಿ ಕೆರೆದು, ಒಣಗಿಸಿ, ಹೊಸದಾಗಿ ಬ್ಯೂಟೈಲ್ (ಅಂಟುವ ರಬ್ಬರ್) ಪಟ್ಟಿ ಹಾಕಿ ಕೂರಿಸಬೇಕು. ಮೇಲಿನಿಂದ ಸಿಲಿಕೋನ್ ಎಳೆದು ಮುಗಿಸಿದರೆ ನೀರು ಒಳಗೇ ಉಳಿಯುತ್ತೆ.

---

ಪೆಡ್ರೋಲ್_ಪುಟ್ಟ

ಬೆಲೆ ಮಾತಾಡುವಾಗ ಕ್ರಮ ಹೀಗಿರಲಿ: ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್, ಕಿಟಕಿ ಮೂರಕ್ಕೂ ಬರಹದ ಅಂದಾಜು ತರಿಸಿ, ಆ ಮೊತ್ತ ಕಳೆಯಲು ಕೇಳಿ. ಇಲ್ಲವಾದರೆ ಅವರೇ ಪೈಪ್ ಹಾಕಿಸಿ, ನೀವು ಆರಿಸಿದ ಗ್ಯಾರೇಜಿನಲ್ಲಿ ಹೊಸ ಎಂಒಟಿ ಮಾಡಿಸಿಕೊಡಲಿ. ಮೋಟಾರ್‌ಹೋಮ್‌ಗೆ ಗರಿಷ್ಠ ಶುಲ್ಕ 54.85 ಪೌಂಡ್, ಅದನ್ನು ನೀವೇ ಕೊಡ್ತೀವಿ ಅಂದರೂ ನಷ್ಟವಿಲ್ಲ.

ಮಾರುತ್ತಿರೋದು ಡೀಲರಾ, ಖಾಸಗಿಯವರಾ ಅಂತ ನೀವು ಬರೆದಿಲ್ಲ. ಡೀಲರ್ ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ದೋಷವಿದ್ದ ಗಾಡಿಯನ್ನು 30 ದಿನದೊಳಗೆ ಹಿಂತಿರುಗಿಸುವ ಹಕ್ಕಿದೆ. ಕೊಳ್ಳುವಾಗಲೇ ತೋರಿಸಿ ಹೇಳಿದ ದೋಷಕ್ಕೆ ಅದು ಅನ್ವಯಿಸಲ್ಲ. ಖಾಸಗಿಯವರಿಂದ ಕೊಂಡರೆ ಆ ಹಕ್ಕು ಇಲ್ಲ, ಅವರು ಹೇಳಿದ್ದೆಲ್ಲ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ.

---

ಕೊಡಚಾದ್ರಿ

ಕೊಂಡ ಮೇಲೆ ಚಳಿಗಾಲಕ್ಕೆ ಮುಂಚೆ ಮಾಡಬೇಕಾದ್ದು: ಅಡಿಭಾಗವನ್ನು ಮಾಮೂಲಿ ಪೈಪಿನ ನೀರಿನಲ್ಲಿ ಆರ್ಚ್‌ಗಳ ಒಳಗಿನವರೆಗೆ ತೊಳೆಯಿರಿ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಕೆಸರು ಸಂದಿನೊಳಗೇ ನುಗ್ಗುತ್ತೆ. ಒಣ ದಿನ ನೋಡಿ ಎರಡು ಮೂರು ದಿನ ಆರಲು ಬಿಡಿ. ಕ್ಯಾಬ್ ಸಿಲ್, ಮುಂದಿನ ಸಬ್‌ಫ್ರೇಮ್‌ನ ಸಡಿಲ ತುಕ್ಕು ಬ್ರಷ್ ಮಾಡಿ ಮೇಣದ ಜಾತಿಯ ಲೇಪ ಹಚ್ಚಿ, ಸಿಲ್ ಒಳಗೂ ಉದ್ದ ನಳಿಕೆಯಿಂದ ಸಿಂಪಡಿಸಿ. ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ಕಡ್ಡಿ ಹಾಕಿ ನೋಡಿಕೊಳ್ಳಿ. ಬ್ರೇಕ್ ಡಿಸ್ಕ್, ಎಕ್ಸಾಸ್ಟ್, ರಬ್ಬರ್‌ಗೆ ತಾಗದಿರಲಿ. ಆಲ್-ಕೋ ಭಾಗಕ್ಕೆ ಏನೂ ಬಳಿಯೋದು ಬೇಡ. ನಿಲ್ಲಿಸೋದು ಹುಲ್ಲಿನ ಮೇಲೆ ಬೇಡ, ಜಲ್ಲಿ ಅಥವಾ ಕಾಂಕ್ರೀಟ್ ಮೇಲೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಹ್ಯಾಂಡ್‌ಬ್ರೇಕ್ ಇಳಿಸಿರಿ, ತಿಂಗಳಿಗೊಮ್ಮೆ ಒಣ ದಿನ ಹತ್ತು ಮೈಲಿ ಓಡಿಸಿ.